ತಿದ್ದಿದವರು ಯಾರು? ಸಹಯೋಗ ತಂತ್ರಾಂಶಗಳ ಐವತ್ತು ವರ್ಷ

ನಾನು ಸದಸ್ಯನಾಗಿದ್ದ ಒಂದು ಪಠ್ಯಕ್ರಮ ಸಮಿತಿಯಲ್ಲಿ ನಡೆದ ಸಂಗತಿ ಇದು. ಸದಸ್ಯರೆಲ್ಲ ಬೇರೆ ಬೇರೆ ಊರುಗಳಲ್ಲಿದ್ದುದರಿಂದ ಕರಡು ಪಠ್ಯಕ್ರಮವನ್ನು ಎಲ್ಲರೂ ನೋಡಿ ತಿದ್ದಬಹುದಾದ ಒಂದು ತಾಣದಲ್ಲಿ ಇಟ್ಟಿದ್ದೆವು. ತಂತ್ರಾಂಶದ ಹೊಸ ಆವೃತ್ತಿಯನ್ನು ಅಳವಡಿಸಿದ ಮರುದಿನ ನಮ್ಮ ಪುಟ ತೆರೆಯಲೇ ಇಲ್ಲ. ಉಳಿದ ಸಮಿತಿಗಳ ಪುಟಗಳು ಚೆನ್ನಾಗಿಯೇ ಇದ್ದವು. ನಾಲ್ಕು ದಿನ ಹುಡುಕಿದ ಮೇಲೆ ಕಾರಣ ತಿಳಿಯಿತು. ಹಿಂದೆ ಯಾರೋ ಒಳ್ಳೆಯ ಉದ್ದೇಶದಿಂದಲೇ ನಮ್ಮ ಪುಟದ ರಚನೆಯನ್ನು ಬದಲಾಯಿಸಿದ್ದರು. ಏನು ಬದಲಾಯಿಸಿದರು, ಏಕೆ ಬದಲಾಯಿಸಿದರು ಎಂಬುದನ್ನು ಎಲ್ಲಿಯೂ ಬರೆದಿಟ್ಟಿರಲಿಲ್ಲ. ಅಷ್ಟರಲ್ಲಿ ಅವರಿಗೆ ಬೇರೆ ಊರಿಗೆ ವರ್ಗವಾಗಿತ್ತು.

ಪ್ರಯೋಗಾಲಯದಲ್ಲಿ ಪಾಠ ಮಾಡುವ ನಿಮಗೆ ಇದು ಹೊಸದಲ್ಲ. ವಿದ್ಯಾರ್ಥಿಯೊಬ್ಬ ಮಂಡಲದ ರೋಧಕವನ್ನು ಬದಲಿಸಿ, ಅದನ್ನು ದಾಖಲೆ ಪುಸ್ತಕದಲ್ಲಿ ಬರೆಯದೆ ಹೋದರೆ ಮುಂದಿನ ತಂಡದ ಅಳತೆಗಳೆಲ್ಲ ತಪ್ಪುತ್ತವೆ. ಹಲವರು ಹಂಚಿಕೊಂಡ ಸಲಕರಣೆಯನ್ನು ತಮಗೆ ಬೇಕಾದಂತೆ ಮಾರ್ಪಡಿಸಿಕೊಳ್ಳುವ ಸ್ವಾತಂತ್ರ್ಯ ಬೇಕು. ಅದು ಕೆಟ್ಟಾಗ ಕಾರಣ ಹುಡುಕುವ ದಾರಿಯೂ ಬೇಕು. ಈ ಎರಡನ್ನೂ ಹೊಂದಿಸಲು ನಡೆದ ಪ್ರಯತ್ನಗಳ ಬೆಳಕಿನಲ್ಲಿ ಸಹಯೋಗ ತಂತ್ರಾಂಶಗಳ ಇತಿಹಾಸವನ್ನು ನೋಡೋಣ.

ಪ್ಲೇಟೋದ ಟಿಪ್ಪಣಿಗಳು

ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ 1960ರಲ್ಲಿ ಡೊನಾಲ್ಡ್ ಬಿಟ್ಜರ್ ನೇತೃತ್ವದಲ್ಲಿ ಪ್ಲೇಟೋ ಎಂಬ ಬೋಧನಾ ಗಣಕ ವ್ಯವಸ್ಥೆ ಆರಂಭವಾಯಿತು. ನಿಯಾನ್ ಅನಿಲದ ವಿಸರ್ಜನೆಯಿಂದ ಕಿತ್ತಳೆ ಬಣ್ಣದಲ್ಲಿ ಬೆಳಗುವ ಪ್ಲಾಸ್ಮಾ ಪರದೆ ಹುಟ್ಟಿದ್ದು ಇದಕ್ಕಾಗಿಯೇ. 1970ರ ದಶಕದ ಆರಂಭಕ್ಕೆ ಅನೇಕ ಲೇಖಕರು ಈ ವ್ಯವಸ್ಥೆಗೆ ಪಾಠಗಳನ್ನು ಬರೆಯುತ್ತಿದ್ದರು. ವ್ಯವಸ್ಥೆಯಲ್ಲಿ ದೋಷ ಕಂಡರೆ ತಿಳಿಸಲು ಎಲ್ಲರಿಗೂ ತೆರೆದಿದ್ದ ಒಂದು ಕಡತವಿತ್ತು. ಆದರೆ ಅದರಲ್ಲಿ ಯಾರು ಬರೆದರೆಂಬುದು ತಿಳಿಯುತ್ತಿರಲಿಲ್ಲ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಳಿಸಲೂಬಹುದಿತ್ತು.

ಇದನ್ನು ಸರಿಪಡಿಸುವ ಕೆಲಸ 1973ರಲ್ಲಿ 17 ವರ್ಷದ ಡೇವಿಡ್ ವೂಲಿ ಎಂಬ ವಿದ್ಯಾರ್ಥಿಯ ಪಾಲಿಗೆ ಬಂತು. ಆತ ಬರೆದ 'ನೋಟ್ಸ್' ಎಂಬ ಕ್ರಮವಿಧಿ ಪ್ರತಿಯೊಂದು ಟಿಪ್ಪಣಿಗೂ ಬರೆದವರ ಗುರುತನ್ನೂ ದಿನಾಂಕವನ್ನೂ ತಾನೇ ಸೇರಿಸುತ್ತಿತ್ತು. ಒಂದು ಟಿಪ್ಪಣಿಗೆ ಒಂದೇ ಉತ್ತರ ಏಕಿರಬೇಕೆಂದು ಯೋಚಿಸಿದ ವೂಲಿ 63 ಉತ್ತರಗಳವರೆಗೆ ಅವಕಾಶವಿಟ್ಟ. ದೋಷ ವರದಿಗಾಗಿ ಮಾಡಿದ ಪುಟ ಚರ್ಚೆಯ ತಾಣವಾಯಿತು. 1976ರಲ್ಲಿ ಬಂದ 'ಗ್ರೂಪ್ ನೋಟ್ಸ್' ಬಳಕೆದಾರರು ತಮ್ಮದೇ ವಿಷಯಕ್ಕೆ ತಮ್ಮದೇ ಟಿಪ್ಪಣಿ ಕಡತ ತೆರೆಯಲು ಬಿಟ್ಟಿತು. ಅದನ್ನು ಯಾರು ಓದಬಹುದು, ಯಾರು ಬರೆಯಬಹುದು ಎಂಬುದನ್ನೂ ಅವರೇ ನಿರ್ಧರಿಸಬಹುದಿತ್ತು. ಇಂದಿನ ಸಹಯೋಗ ವೇದಿಕೆಗಳ ಮೂಲ ಗುಣಗಳಲ್ಲಿ ಹಲವು ಆಗಲೇ ಅಲ್ಲಿದ್ದವು.

ಇಲಿನಾಯ್‌ನಿಂದ ಕಚೇರಿಗಳಿಗೆ

ಅದೇ ವಿಶ್ವವಿದ್ಯಾನಿಲಯದಲ್ಲಿ ಓದುವಾಗ ಪ್ಲೇಟೋ ಬಳಸಿದ್ದ ರೇ ಓಜಿ 1984ರಲ್ಲಿ ಐರಿಸ್ ಅಸೋಸಿಯೇಟ್ಸ್ ಸಂಸ್ಥೆಯನ್ನು ಕಟ್ಟಿದರು. ಲೋಟಸ್ ಕಂಪನಿಗಾಗಿ ಅವರ ತಂಡ ಸಿದ್ಧಪಡಿಸಿದ 'ಲೋಟಸ್ ನೋಟ್ಸ್' 1989ರಲ್ಲಿ ಮಾರುಕಟ್ಟೆಗೆ ಬಂತು. ದೂರದ ಕಚೇರಿಗಳಲ್ಲಿರುವ ದತ್ತಸಂಚಯಗಳ ಪ್ರತಿಗಳು ಆಗಾಗ ಪರಸ್ಪರ ಸರಿಹೊಂದಿಸಿಕೊಳ್ಳುವುದು ಇದರ ವಿಶೇಷ. ಜೊತೆಗೆ, ರಜೆ ಅರ್ಜಿಯಿಂದ ಹಿಡಿದು ಗ್ರಾಹಕರ ದೂರಿನವರೆಗೆ ಪ್ರತಿಯೊಂದು ಕಚೇರಿಯೂ ತನಗೆ ಬೇಕಾದ ನಮೂನೆಯನ್ನು ತಾನೇ ರಚಿಸಿಕೊಳ್ಳಬಹುದಿತ್ತು. 1995ರಲ್ಲಿ ಐಬಿಎಂ ಲೋಟಸ್ ಕಂಪನಿಯನ್ನು ಕೊಂಡಿತು. 2019ರಲ್ಲಿ ಈ ತಂತ್ರಾಂಶ ಭಾರತದ ಎಚ್‌ಸಿಎಲ್ ಸಂಸ್ಥೆಯ ಪಾಲಾಯಿತು.

ಮೈಕ್ರೋಸಾಫ್ಟ್ 2001ರಲ್ಲಿ 'ಶೇರ್‌ಪಾಯಿಂಟ್' ಎಂಬ ತನ್ನ ವೇದಿಕೆಯನ್ನು ಹೊರತಂದಿತು. ಓಜಿ ಅವರ ನಂತರದ ಸಂಸ್ಥೆಯಾದ ಗ್ರೂವ್ 2005ರಲ್ಲಿ ಮೈಕ್ರೋಸಾಫ್ಟ್ ಸೇರಿತು. ಅದರ ತಂತ್ರಾಂಶ 2010ರಲ್ಲಿ ಶೇರ್‌ಪಾಯಿಂಟ್ ಹೆಸರಿನಲ್ಲೇ ಹೊರಬಂತು. ಪ್ಲೇಟೋದ ಎಳೆ ಹೀಗೆ ಇಲ್ಲಿಗೂ ಬಂದು ಸೇರಿತು.

ಒಳಗೆ ಕೈಹಾಕಿದ ಕಾಲ

ಶೇರ್‌ಪಾಯಿಂಟ್ 2003ರಲ್ಲಿ ಸಾವಿರ ತಾಣಗಳಿದ್ದರೂ ಅವುಗಳ ಮುಖಪುಟಕ್ಕೆ ಸರ್ವರ್‌ನಲ್ಲಿರುವ ಒಂದೇ ಮಾದರಿ ಕಡತ ಸಾಕಾಗಿತ್ತು. ದತ್ತಸಂಚಯದಲ್ಲಿ ಅದರತ್ತ ಬೆರಳು ತೋರುವ ಗುರುತು ಮಾತ್ರ ಇರುತ್ತಿತ್ತು. ನೀವು ಫ್ರಂಟ್‌ಪೇಜ್ ತಂತ್ರಾಂಶದಿಂದ ಆ ಪುಟವನ್ನು ತಿದ್ದಿದ ಕ್ಷಣ ಇಡೀ ಪುಟ ಪ್ರತಿಯಾಗಿ ದತ್ತಸಂಚಯಕ್ಕೆ ಸೇರಿಬಿಡುತ್ತಿತ್ತು. ಪಠ್ಯಪುಸ್ತಕದ ಒಂದು ಹಾಳೆಯನ್ನು ಜೆರಾಕ್ಸ್ ಮಾಡಿ ತಿದ್ದಿಕೊಂಡಂತೆ ಇದು. ಪುಸ್ತಕದ ಹೊಸ ಮುದ್ರಣ ಬಂದರೂ ನಿಮ್ಮ ಜೆರಾಕ್ಸ್ ಹಾಳೆ ಹಳೆಯದಾಗಿಯೇ ಉಳಿಯುತ್ತದೆ. ಆವೃತ್ತಿ ಬದಲಾದಾಗ ತಿದ್ದಿದ ಪುಟಗಳಷ್ಟೇ ಕೆಡುತ್ತಿದ್ದುದಕ್ಕೆ ಇದೊಂದು ಮುಖ್ಯ ಕಾರಣ.

2007ರ ಆವೃತ್ತಿಯಲ್ಲಿ ಅಭಿವೃದ್ಧಿಕಾರರು ತಮ್ಮ ಕ್ರಮವಿಧಿಗಳನ್ನು ಸರ್ವರ್‌ನೊಳಗೇ, ಪೂರ್ಣ ನಂಬಿಕೆಯ ಅಧಿಕಾರದೊಂದಿಗೆ ಸೇರಿಸುವುದು ರೂಢಿಯಾಯಿತು. ಶಕ್ತಿ ಹೆಚ್ಚಿತು, ಅಪಾಯವೂ ಹೆಚ್ಚಿತು. ಒಂದು ಉದಾಹರಣೆ ನೋಡಿ. ತಾಣವೊಂದನ್ನು ಪ್ರತಿನಿಧಿಸುವ ವಸ್ತು ಕ್ರಮವಿಧಿಯ ಕಣ್ಣಿಗೆ ಚಿಕ್ಕದು. ಆದರೆ ಅದರ ಬೆನ್ನಿಗೆ ದೊಡ್ಡ ಪ್ರಮಾಣದ ಸ್ಮೃತಿ ಅಂಟಿಕೊಂಡಿರುತ್ತಿತ್ತು. ಕೆಲಸ ಮುಗಿದ ಮೇಲೆ ಅದನ್ನು ಬಿಡುಗಡೆ ಮಾಡಲು ಅಭಿವೃದ್ಧಿಕಾರ ಮರೆತರೆ, ಅನಗತ್ಯ ಸ್ಮೃತಿಯನ್ನು ಗುಡಿಸುವ ವ್ಯವಸ್ಥೆಗೆ ಅದರ ನಿಜವಾದ ಗಾತ್ರ ಗೊತ್ತಾಗುತ್ತಿರಲಿಲ್ಲ. ಸ್ಮೃತಿ ತುಂಬುತ್ತಾ ಹೋಗಿ ಇಡೀ ಸರ್ವರ್ ನಿಧಾನವಾಗುತ್ತಿತ್ತು. ಒಂದು ವಿಭಾಗದ ಮರೆವಿಗೆ ಎಲ್ಲ ವಿಭಾಗಗಳೂ ದಂಡ ತೆರಬೇಕಾಗುತ್ತಿತ್ತು.

ಬೇಲಿಯ ಆಚೆಗೆ

ಮುಂದಿನ ಹೆಜ್ಜೆಗಳೆಲ್ಲ ಬಳಕೆದಾರರ ಮಾರ್ಪಾಟನ್ನು ಕೇಂದ್ರದಿಂದ ಹೊರಕ್ಕೆ ಸರಿಸಿದವು. 2010ರಲ್ಲಿ ಮಾರ್ಪಾಟಿನ ಕ್ರಮವಿಧಿಗಳನ್ನು ಪ್ರತ್ಯೇಕ ಪ್ರಕ್ರಿಯೆಯಲ್ಲಿ ನಡೆಸುವ, 'ಮರಳಪೆಟ್ಟಿಗೆ' ಎಂಬ ವ್ಯವಸ್ಥೆ ಬಂತು. ಪ್ರತಿ ತಾಣ ಸಮೂಹಕ್ಕೆ ದಿನಕ್ಕೆ 300 ಅಂಕಗಳ ಪೂರ್ವನಿಗದಿತ ಮಿತಿಯಿತ್ತು. ಅದು ಮುಗಿದರೆ ಆ ಸಮೂಹದ ಇಂಥ ಕ್ರಮವಿಧಿಗಳು ಅಂದಿನ ಮಟ್ಟಿಗೆ ನಿಲ್ಲುತ್ತಿದ್ದವು, ಪಕ್ಕದವರಿಗೆ ತೊಂದರೆಯಿರಲಿಲ್ಲ. 2013ರಲ್ಲಿ ಸರ್ವರ್‌ನ ಹೊರಗಿದ್ದು ಸಂದೇಶಗಳ ಮೂಲಕ ವ್ಯವಹರಿಸುವ 'ಆ್ಯಪ್' ಮಾದರಿ ಬಂತು. 2017ರ 'ಶೇರ್‌ಪಾಯಿಂಟ್ ಫ್ರೇಮ್‌ವರ್ಕ್' ಮಾರ್ಪಾಟನ್ನು ಬಳಕೆದಾರರ ಬ್ರೌಸರ್‌ಗೆ ಒಯ್ದಿತು.

ಹೊರಕ್ಕೆ ಸರಿದ ಮಾತ್ರಕ್ಕೆ ಚಿಂತೆ ತೀರಲಿಲ್ಲ. ಬ್ರೌಸರ್‌ನಲ್ಲಿ ನಡೆಯುವ ಕ್ರಮವಿಧಿಗೆ ಆ ಹೊತ್ತಿನ ಬಳಕೆದಾರರ ಅಧಿಕಾರ ದೊರೆಯುತ್ತದೆ. ಪ್ರಾಂಶುಪಾಲರು ಪುಟ ತೆರೆದರೆ ಅದಕ್ಕೆ ಪ್ರಾಂಶುಪಾಲರ ಅಧಿಕಾರವೇ ಸಿಕ್ಕಂತೆ. ಆದುದರಿಂದ ಯಾರೋ ಬರೆದದ್ದನ್ನು ಪರಿಶೀಲಿಸದೆ ಅಳವಡಿಸಬಾರದು.

ದೋಷದ ಜಾಡು

ದೋಷ ಹುಡುಕುವುದರಲ್ಲಿ ದೊಡ್ಡ ಹೆಜ್ಜೆ 2010ರ ಆವೃತ್ತಿಯದು. ದೋಷ ಸಂದೇಶದ ಜೊತೆಗೆ ಪರದೆಯ ಮೇಲೆ 32 ಅಂಕಿ-ಅಕ್ಷರಗಳ ಒಂದು ಉದ್ದನೆಯ ಸಂಖ್ಯೆ ಕಾಣತೊಡಗಿತು. ಅದು 128 ಬಿಟ್‌ಗಳ 'ಸಹಸಂಬಂಧ ಗುರುತು'. ನಿಮ್ಮ ಕೋರಿಕೆ ಸರ್ವರ್ ತಲುಪಿದೊಡನೆ ಅದಕ್ಕೆ ಈ ಸಂಖ್ಯೆ ಅಂಟುತ್ತದೆ. ಆ ಕೋರಿಕೆ ಹಾದುಹೋದ ಕಡೆಯೆಲ್ಲ ಬರೆಯಲಾಗುವ ದಾಖಲೆಯ ಸಾಲುಗಳಲ್ಲಿ ಅದೇ ಸಂಖ್ಯೆ ಇರುತ್ತದೆ. ದೇಹದಲ್ಲಿ ಅಯೋಡಿನ್ ಸಾಗುವ ದಾರಿಯನ್ನು ಅದರ ವಿಕಿರಣಶೀಲ ಐಸೊಟೋಪಿನಿಂದ ಪತ್ತೆ ಮಾಡುವಂತೆಯೇ ಇದು. ಲಕ್ಷಾಂತರ ಸಾಲುಗಳ ನಡುವೆ ನಿಮ್ಮ ಕೋರಿಕೆಯ ಜಾಡು ಮಾತ್ರ ಎದ್ದು ಕಾಣುತ್ತದೆ.

ಹಾಗಾಗಿ "ಪುಟ ತೆರೆಯುತ್ತಿಲ್ಲ" ಎಂದಷ್ಟೇ ದೂರು ಕೊಡಬೇಡಿ. ಆ ಸಂಖ್ಯೆ, ಸಮಯ, ಆಗ ನೀವು ಮಾಡುತ್ತಿದ್ದ ಕೆಲಸ ಈ ಮೂರನ್ನೂ ಬರೆದುಕೊಡಿ. ತಡಮಾಡಲೂಬೇಡಿ. ಸಂಸ್ಥೆಯ ಸ್ವಂತ ಸರ್ವರ್‌ನಲ್ಲಿ ದಾಖಲೆಗಳು ಉಳಿಯುವುದು ಪೂರ್ವನಿಗದಿಯಂತೆ 14 ದಿನ ಮಾತ್ರ.

ಕನ್ನಡದ ಹೆಸರಿನ ತೊಡಕು

ನಮಗೆ ನೇರವಾಗಿ ಸಂಬಂಧಿಸಿದ ಒಂದು ತೊಡಕನ್ನೂ ಹೇಳಬೇಕು. ಶೇರ್‌ಪಾಯಿಂಟ್‌ನಲ್ಲಿ ಕೋಷ್ಟಕದ ಪ್ರತಿಯೊಂದು ಕಂಬಸಾಲಿಗೂ ಎರಡು ಹೆಸರು: ಕಣ್ಣಿಗೆ ಕಾಣುವುದೊಂದು, ಕ್ರಮವಿಧಿ ಬಳಸುವ ಒಳಹೆಸರೊಂದು. ಒಳಹೆಸರಿನಲ್ಲಿ ಇಂಗ್ಲಿಷೇತರ ಅಕ್ಷರಕ್ಕೆ ಅದರ ಯುನಿಕೋಡ್ ಸಂಖ್ಯೆ ಬರುತ್ತದೆ. ಒಂದೊಂದಕ್ಕೂ 7 ಚಿಹ್ನೆಗಳು ಬೇಕು. 'ಹೆಸರು' ಎಂಬ ಪದದಲ್ಲಿ ಹ, ಎತ್ವ, ಸ, ರ, ಉತ್ವ ಎಂದು ಐದು ಸಂಕೇತಗಳಿವೆ. ಒಟ್ಟು 35 ಚಿಹ್ನೆಗಳಾದವು. ಆದರೆ ಒಳಹೆಸರಿನ ಮಿತಿ 32! ಬಾಲ ಕತ್ತರಿಸಿಹೋಗುತ್ತದೆ. ಕ್ರಮವಿಧಿ ಬರೆದವರು 'ಹೆಸರು' ಎಂದು ಹುಡುಕಿದರೆ ಅಂಥ ಕಂಬಸಾಲೇ ಇಲ್ಲವೆಂಬ ಉತ್ತರ ಬರುತ್ತದೆ. ಪರಿಹಾರ ಸುಲಭ. ಮೊದಲು ಖಾಲಿ ಜಾಗವಿಲ್ಲದ ಚಿಕ್ಕ ಇಂಗ್ಲಿಷ್ ಹೆಸರಿನಲ್ಲಿ ಕಂಬಸಾಲನ್ನು ರಚಿಸಿ, ಅನಂತರ ಕನ್ನಡಕ್ಕೆ ಬದಲಿಸಿ. ಒಳಹೆಸರು ಮೊದಲಿನಂತೆಯೇ ಉಳಿಯುತ್ತದೆ, ನೋಡುವವರಿಗೆ ಕನ್ನಡ ಕಾಣುತ್ತದೆ.

ಮುಂದೂಡಿದರೆ ಏನಾಗುತ್ತದೆ?

2025ರ ಜುಲೈನಲ್ಲಿ ಸಂಸ್ಥೆಗಳು ತಾವೇ ನಡೆಸುವ ಶೇರ್‌ಪಾಯಿಂಟ್ ಸರ್ವರ್‌ಗಳ ಮೇಲೆ ಹಲವು ದೇಶಗಳಲ್ಲಿ ದಾಳಿ ನಡೆಯಿತು. ದಾಳಿಕಾರರು ಸರ್ವರ್‌ನ ಗೂಢಲಿಪಿ ಕೀಲಿಗಳನ್ನೇ ಕದ್ದುದರಿಂದ ತಂತ್ರಾಂಶಕ್ಕೆ ತೇಪೆ ಹಾಕಿದರಷ್ಟೇ ಸಾಲದೆ ಕೀಲಿಗಳನ್ನೂ ಬದಲಿಸಬೇಕಾಯಿತು. ಇಂಥ ಸಮಯದಲ್ಲಿ, "ಪರಿಷ್ಕರಿಸಿದರೆ ನಮ್ಮ ಪುಟಗಳು ಕೆಟ್ಟಾವು" ಎಂದು ಹೆದರಿ ಕಾಯುವ ಸಂಸ್ಥೆಗೆ ಅಪಾಯ ಹೆಚ್ಚು. ಏನನ್ನು ಎಲ್ಲಿ ಮಾರ್ಪಡಿಸಿದ್ದೇವೆಂದು ಬರೆದಿಟ್ಟವರಿಗೆ ಆ ಹೆದರಿಕೆ ಕಡಿಮೆ.

ನಿಮ್ಮ ಕಾಲೇಜಿನ ತಾಣದ ಹೊಣೆ ನಾಳೆ ನಿಮಗೇ ಬರಬಹುದು. ಇರುವ ಸೌಲಭ್ಯದಲ್ಲೇ ಕೆಲಸ ಆಗುವುದಾದರೆ ಮಾರ್ಪಡಿಸಬೇಡಿ. ಮಾರ್ಪಡಿಸಲೇಬೇಕಾದರೆ ಮೊದಲು ಪರೀಕ್ಷಾ ತಾಣದಲ್ಲಿ ಮಾಡಿ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಇರಲಿ; ಹಲವು ಚರಗಳನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಯಾವ ಪರಿಣಾಮವಾಯಿತೆಂದು ಹೇಳಲಾಗದು. ಮಾಡಿದವರ ಹೆಸರು, ದಿನಾಂಕ, ಕಾರಣ, ಹಿಂದಿನ ಸ್ಥಿತಿಗೆ ಮರಳುವ ಕ್ರಮ ಈ ನಾಲ್ಕನ್ನೂ ಬರೆದಿಡಿ. ನಮ್ಮ ಸಮಿತಿಯ ತಾಣದಲ್ಲಿ ಈಗ ಇದಕ್ಕೆಂದೇ ಒಂದು ಪಟ್ಟಿಯಿದೆ. ವರ್ಗವಾಗಿ ಹೋದ ಆ ಗೆಳೆಯರನ್ನು ದೂರವಾಣಿಯಲ್ಲಿ ಕೇಳಿ, ಅದರ ಮೊದಲ ಸಾಲನ್ನು ಅವರು ಮಾಡಿದ್ದ ಬದಲಾವಣೆಯಿಂದಲೇ ತುಂಬಿದೆವು.