ಗೋಡೆ ಬಿದ್ದ ವರ್ಷ

ದೇವರ ಮನೆಯಲ್ಲಿ ಯಾರು ಎಲ್ಲಿ ಕೂರಬೇಕು ಎಂಬುದನ್ನು ದೇವರು ಎಂದೂ ತೀರ್ಮಾನಿಸಿದವನಲ್ಲ. ಮೊದಲೇ ಒಳಗೆ ಹೋಗಿ ಕೂತವರು ತೀರ್ಮಾನಿಸಿದರು. ಗುಡಿಯ ಹೊರಗೆ ನಿಂತೇ ಬೆಳೆದ ನಮಗೆ ಇದನ್ನು ಯಾರೂ ಪಾಠ ಮಾಡಬೇಕಾಗಿಲ್ಲ. ಆದರೆ ಯೇಸುವಿನ ಇಗರ್ಜಿಯಲ್ಲಿ ಎಲ್ಲರೂ ಒಂದೇ ಅಂತ ನಂಬಿಕೊಂಡು ಹೋದ ನಮ್ಮ ಜನ ಅಲ್ಲಿ ಏನು ಕಂಡರು? ಮಗು, ಮುದುಕಿ, ಅಕ್ಷರ ಬಾರದ ಕೂಲಿಯವ ಇವರೆಲ್ಲ ಅಲ್ಲಿನ ಆರಾಧನೆಯಲ್ಲಿ ಪಾಲುದಾರರಾದರೋ, ಬರೀ ನೋಡುಗರಾಗಿ ಉಳಿದರೋ? ಚರಿತ್ರೆಯನ್ನು ಕೇಳೋಣ.

ಮೊದಲ ಶತಮಾನಗಳ ಕ್ರೈಸ್ತರು ಎಳೆಗೂಸಿಗೂ ಪರಮಪ್ರಸಾದ ಕೊಡುತ್ತಿದ್ದರು. ಪೂರ್ವದ ಆರ್ಥಡಾಕ್ಸ್ ಸಭೆಗಳಲ್ಲಿ ಇಂದಿಗೂ ದೀಕ್ಷಾಸ್ನಾನವಾದ ಕೂಸಿನ ಬಾಯಿಗೆ ಅದು ಬೀಳುತ್ತದೆ. ರೋಮಿನ ಸಭೆಯಲ್ಲಿ ಮಾತ್ರ ಈ ಪದ್ಧತಿ ಕಳಚಿಹೋಯಿತು. 1215ರ ಲ್ಯಾಟರನ್ ಮಹಾಸಭೆ, ವಿವೇಚನೆಯ ವಯಸ್ಸಿಗೆ ಬಂದವರು ವರ್ಷಕ್ಕೊಮ್ಮೆಯಾದರೂ ಪರಮಪ್ರಸಾದ ತೆಗೆದುಕೊಳ್ಳಬೇಕು ಎಂದಿತು. ವಿವೇಚನೆ ಯಾವ ವಯಸ್ಸಿಗೆ ಬರುತ್ತೆ? ಹತ್ತು ಅಂದರು, ಹನ್ನೆರಡು ಅಂದರು, ಕೆಲವು ಕಡೆ ಹದಿನಾಲ್ಕು ಅಂದರು. ಮಗು ಬಾಗಿಲಲ್ಲೇ ನಿಂತಿತು. ಒಳಗಿದ್ದ ದೊಡ್ಡವರ ಪಾಡೂ ಬೇರೆಯಲ್ಲ. ಪೂಜೆ ನಡೆಯುತ್ತಿದ್ದುದು ಲ್ಯಾಟಿನ್ನಿನಲ್ಲಿ. ಪಾದ್ರಿ ಜನಕ್ಕೆ ಬೆನ್ನು ಹಾಕಿ ಮಂತ್ರ ಹೇಳುವಾಗ, ಅರ್ಥವಾಗದ ಮುದುಕಿಯರು ಜಪಮಾಲೆಯ ಮಣಿ ಎಣಿಸುತ್ತಾ ಕೂರುತ್ತಿದ್ದರು. ಮಾತು ಅವರದು, ಮಂಡಿ ಇವರದು. ಈ ಏರ್ಪಾಡು ನಮಗೆ ಹೊಸದೇನಲ್ಲ.

1910ರ ಆಗಸ್ಟ್ 8ರಂದು ಹತ್ತನೇ ಪಿಯುಸ್ ಪೋಪರು ಒಂದು ಆಜ್ಞೆ ಹೊರಡಿಸಿದರು. ಏಳು ವರ್ಷದ ಆಸುಪಾಸಿನ ಮಗು ಬರಲಿ. ಸಾಧಾರಣ ರೊಟ್ಟಿಗೂ ಈ ರೊಟ್ಟಿಗೂ ಇರುವ ಭೇದ ಅದಕ್ಕೆ ತಿಳಿದರೆ ಸಾಕು, ಧರ್ಮಶಾಸ್ತ್ರವನ್ನೆಲ್ಲ ಒಪ್ಪಿಸಬೇಕಾಗಿಲ್ಲ. ಈ ಪೋಪರು ಇಟಲಿಯ ರಿಯೆಸೆ ಎಂಬ ಹಳ್ಳಿಯ ಬಡ ಅಂಚೆಯವನ ಮಗ ಎಂಬುದನ್ನು ಮರೆಯಬಾರದು.

ಅದೇ 1910ರಲ್ಲಿ ತಮಿಳುನಾಡಿನ ತಿರುನೆಲ್ವೇಲಿ ಸೀಮೆಯ ವಡಕ್ಕಂಕುಳಂನಲ್ಲಿ ಇನ್ನೊಂದು ತಡೆ ಬಿತ್ತು. ಆ ಊರಿನ ಇಗರ್ಜಿಯ ಕಟ್ಟಡವೇ ಒಂದು ಪಾಠ. ಹತ್ತೊಂಬತ್ತನೇ ಶತಮಾನದಲ್ಲಿ ಅದನ್ನು ಕಟ್ಟಿದವರು ಎರಡು ಅಂಕಣ ಮಾಡಿದರು. ಎರಡೂ ಷರಾಯಿಯ ಕಾಲುಗಳ ಹಾಗೆ ಬೇರೆಬೇರೆಯಾಗಿ ಚಾಚಿಕೊಂಡು ಬಲಿಪೀಠದ ಹತ್ತಿರ ಮಾತ್ರ ಕೂಡುತ್ತಿದ್ದವು. ಒಂದರಲ್ಲಿ ವೆಳ್ಳಾಳ ಪಿಳ್ಳೆಗಳು, ಮುದಲಿಯಾರರು, ಇನ್ನೊಂದರಲ್ಲಿ ನಾಡಾರರು. ಪಾದ್ರಿ ಇಬ್ಬರಿಗೂ ಕಾಣುತ್ತಾನೆ, ಇವರಿಗೆ ಅವರು ಕಾಣುವುದಿಲ್ಲ. ದೇವರು ಒಬ್ಬ, ಗೋಡೆ ಒಂದು! ತಾಯಿಯ ಸೊಂಟದ ಮೇಲೆ ಕೂತು ಬಂದ ಕೂಸಿಗೆ ಪ್ರಾರ್ಥನೆಯ ಮೊದಲ ಅಕ್ಷರ ಬಾಯಿಗೆ ಬರುವ ಮುಂಚೆಯೇ ತನ್ನ ಜಾತಿಯ ಬಾಗಿಲು ಯಾವುದು ಅಂತ ಗೊತ್ತಾಗುತ್ತಿತ್ತು. ಅಲ್ಲಿನ ಧರ್ಮೋಪದೇಶದ ಮೊದಲ ಪಾಠ ಅದೇ.

ಫಾದರ್ ಕೊಸಾನೆಲ್ ಎಂಬ ಯೇಸುಸಭೆಯ ಪಾದ್ರಿ ಆ ಗೋಡೆಯನ್ನು ಕೆಡವಿಸಿದರು. ಮೇಲುಜಾತಿಯವರು ಸುಮ್ಮನಿರಲಿಲ್ಲ. ಬಿಷಪರ ಮೇಲೇ ದಾವೆ ಹೂಡಿದರು. ಬೇರೆ ಕೂರುವುದು ತಮ್ಮ ಹಕ್ಕು ಅಂತ ಮದ್ರಾಸ್ ಹೈಕೋರ್ಟಿನವರೆಗೆ ಹೋದರು, ಸೋತರು. ಪ್ರಾರ್ಥನೆಗೆ ಹೋಗುವವರು ನ್ಯಾಯಾಲಯಕ್ಕೆ ಹೋದದ್ದು ದೇವರಿಗಾಗಿ ಅಲ್ಲ, ಗೋಡೆಗಾಗಿ.

ಒಂದೇ ವರ್ಷದ ಈ ಎರಡು ಸಂಗತಿಗಳನ್ನು ನಾವು ಜೋಡಿಸಿ ಓದುತ್ತೇವೆ. ವಯಸ್ಸಿನ ತಡೆ ತೆಗೆದರೂ ಜಾತಿಯ ತಡೆ ಉಳಿದರೆ, ಒಳಬಂದ ಮಗು ಕಲಿಯುವುದು ಭಕ್ತಿಯನ್ನಲ್ಲ, ಅಂತರವನ್ನು.

ಮೂರನೇ ತಡೆ ಭಾಷೆಯದು. 1963ರ ಡಿಸೆಂಬರ್ 4ರಂದು ಎರಡನೇ ವ್ಯಾಟಿಕನ್ ಮಹಾಸಭೆ 2147 ಮತಗಳಿಂದ, ಬರೀ 4 ಮತಗಳ ವಿರೋಧದ ನಡುವೆ, ಆರಾಧನೆಯಲ್ಲಿ ಜನ ಪೂರ್ಣವಾಗಿ ಪಾಲುಗೊಳ್ಳಬೇಕು ಎಂದು ಸಾರಿತು, ಜನರ ನುಡಿಗೆ ಬಾಗಿಲು ತೆರೆಯಿತು. 1973ರಲ್ಲಿ ಮಕ್ಕಳ ಪೂಜೆಗೆಂದೇ ನಿಯಮಗಳು ಬಂದವು: ಹಾಡಿ, ನಡೆದು, ಅಭಿನಯಿಸಿ ಪಾಲುಗೊಳ್ಳಲಿ ಎಂದು. ಒಳ್ಳೆಯದು. ಆದರೆ ಜನರ ನುಡಿ ಅಂದರೆ ಯಾರ ನುಡಿ? ಬೆಂಗಳೂರಿನ ಇಗರ್ಜಿಗಳಲ್ಲಿ ಕನ್ನಡದ ಪೂಜೆ ಬೇಕು ಅಂತ ಕನ್ನಡ ಕ್ರೈಸ್ತರು ದಶಕಗಳ ಕಾಲ ಬೀದಿಗಿಳಿಯಬೇಕಾಯಿತು. ರೋಮ್ ಕೊಟ್ಟದ್ದನ್ನೂ ಊರಿನಲ್ಲಿ ಕೇಳಿಯೇ ಪಡೆಯಬೇಕು.

ಇನ್ನು ಕೊನೆಯ ವಯಸ್ಸು. ತಿರುಚಿನಾಪಳ್ಳಿಯ ಮೇಲಪುದೂರಿನ ಕಥೋಲಿಕ ಸ್ಮಶಾನದಲ್ಲಿ ದಲಿತರ ಗೋರಿಗಳನ್ನು ಬೇರೆ ಮಾಡುವ ಗೋಡೆ ಇಪ್ಪತ್ತೊಂದನೇ ಶತಮಾನದಲ್ಲೂ ನಿಂತಿತ್ತು. ತೊಟ್ಟಿಲಲ್ಲಿ ತಪ್ಪಿಸಿಕೊಂಡರೂ ಮಣ್ಣಿನಲ್ಲಿ ಹಿಡಿಯುತ್ತದೆ ಜಾತಿ. ಸಭೆಯೊಳಗೆ ಅಸ್ಪೃಶ್ಯತೆ ಇದೆ ಎಂದು ಭಾರತದ ಕಥೋಲಿಕ ಬಿಷಪರು ತಮ್ಮ ನೀತಿಪತ್ರದಲ್ಲೇ ಒಪ್ಪಿಕೊಂಡದ್ದು 2016ರಲ್ಲಿ.

ಎಲ್ಲ ವಯಸ್ಸಿನವರನ್ನೂ ಆರಾಧನೆಗೆ ಸೇರಿಸುವುದು ಹೇಗೆ ಅಂತ ಇಂದು ಇಗರ್ಜಿಗಳಲ್ಲಿ ಶಿಬಿರಗಳಾಗುತ್ತವೆ. ಹಾಡಿರಲಿ, ಕತೆಯಿರಲಿ, ಚಪ್ಪಾಳೆಯಿರಲಿ ಅನ್ನುತ್ತಾರೆ. ಇರಲಿ, ಬೇಕು. ಓದು ಬಾರದ ನಮ್ಮ ಅಜ್ಜಿಯರು ಸಾವಿರ ಸಾಲಿನ ಪದಗಳನ್ನು ಕಿವಿಯಿಂದಲೇ ಕಲಿತು ಮೊಮ್ಮಕ್ಕಳಿಗೆ ದಾಟಿಸಿದವರು. ಎಲ್ಲ ವಯಸ್ಸೂ ಕೂಡಿ ಹಾಡುವುದು ನಮಗೆ ಹೊರಗಿನಿಂದ ಬರಬೇಕಾದ ವಿದ್ಯೆಯಲ್ಲ. ಆದರೆ ಹಾಡಿಗೆ ಮುಂಚೆ ನೋಡಬೇಕಾದದ್ದು ಚಾಪೆ. ಯಾರ ಮಗು ಯಾರ ಪಕ್ಕ ಕೂತಿದೆ? ಯಾರ ಅಜ್ಜಿಗೆ ಎದ್ದು ಜಾಗ ಕೊಟ್ಟರು? ಹಳ್ಳಿಯ ಮೇಷ್ಟ್ರುಗಳೇ, ಈ ಪ್ರಶ್ನೆ ಇಗರ್ಜಿಗೆ ಮಾತ್ರ ಅಲ್ಲ, ನಿಮ್ಮ ಶಾಲೆಯ ಬಿಸಿಯೂಟದ ಪಂಕ್ತಿಗೂ ಸೇರಿದ್ದು. ನಾಳೆ ಹೋಗಿ ನೋಡಿ.