ಅಗರ್‌ಗೆ ಬದಲಿ: ಸಾಬಕ್ಕಿಯಿಂದ ಚವಳಿಕಾಯಿ ಬೀಜದವರೆಗೆ

ಕುಷ್ಟಗಿ, ಯಲಬುರ್ಗಾ ಸೀಮೆಯ ದಾಳಿಂಬೆ ಬೆಳೆಗಾರರಿಗೆ ಗೂಟಿ ಸಸಿ ಹಳೆಯ ಪರಿಚಯ. ಆದರೆ ರೋಗವಿರುವ ತೋಟದ ಗೂಟಿಯ ಜೊತೆಗೆ ದುಂಡಾಣು ಅಂಗಮಾರಿಯೂ ಬರುತ್ತದೆ. ‘ಭಗವಾ’ ತಳಿಯ ಅಂಗಾಂಶ ಕೃಷಿ ಸಸಿಗೆ ಬೇಡಿಕೆ ಬಂದದ್ದು ಈ ಕಾರಣಕ್ಕೆ. ಆ ಸಸಿ ದುಬಾರಿ. ಬೆಲೆಯಲ್ಲಿ ಕೂಲಿ, ಕರೆಂಟಿನ ಪಾಲು ದೊಡ್ಡದು, ನಿಜ. ಬಾಟಲಿಯೊಳಗಿನ ಪೋಷಕ ಮಾಧ್ಯಮದ ಲೆಕ್ಕವನ್ನಷ್ಟೇ ತೆಗೆದರೆ ಹೆಚ್ಚು ಹಣ ತಿನ್ನುವುದು ಅದನ್ನು ಗಟ್ಟಿಯಾಗಿಸುವ ಅಗರ್.

ಅಗರ್ ಕೆಂಪು ಕಡಲಪಾಚಿಯ ಸಾರ. 1880ರ ದಶಕದ ಆರಂಭದಲ್ಲಿ ಜರ್ಮನಿಯಲ್ಲಿ ಫ್ಯಾನಿ ಹೆಸ್ಸೆ ಅಡುಗೆಮನೆಯ ಅನುಭವದಿಂದ ಇದನ್ನು ಸೂಚಿಸಿದರು. ರಾಬರ್ಟ್ ಕಾಖ್ ಅವರ ಪ್ರಯೋಗಾಲಯ ಅದನ್ನು ಸೂಕ್ಷ್ಮಜೀವಿ ಬೆಳೆಸಲು ಒಪ್ಪಿಕೊಂಡಿತು. ಸಸ್ಯ ಅಂಗಾಂಶ ಕೃಷಿಗೂ ಅದೇ ಬಂತು. 1962ರಲ್ಲಿ ಮುರಾಶಿಗೆ ಮತ್ತು ಸ್ಕೂಗ್ ರೂಪಿಸಿದ ಪೋಷಕ ಮಿಶ್ರಣಕ್ಕೆ ಇಂದಿಗೂ ಲೀಟರಿಗೆ 6ರಿಂದ 8 ಗ್ರಾಂ ಅಗರ್ ಸೇರಿಸುವುದು ರೂಢಿ. ಪಾರದರ್ಶಕತೆ ಅದರ ದೊಡ್ಡ ಗುಣ. ಗಿಡವಾಗಲಿ ಹೆಚ್ಚಿನ ಸೂಕ್ಷ್ಮಜೀವಿಗಳಾಗಲಿ ಅದನ್ನು ಕರಗಿಸಲಾರವು. ಆದರೆ ಅದು ಕಡಲನ್ನು ನಂಬಿದ ವಸ್ತು. ಮೊರಾಕೊ ಕಡಲಪಾಚಿಯ ಕೊಯ್ಲು, ರಫ್ತಿಗೆ ಮಿತಿ ಹಾಕಿದ ಮೇಲೆ 2015ರಲ್ಲಿ ಜಗತ್ತಿನ ಪ್ರಯೋಗಾಲಯಗಳೇ ಅಗರ್ ಕೊರತೆ ಅನುಭವಿಸಿದವು.

ಬದಲಿಗಳು ಇಲ್ಲದಿಲ್ಲ. ಬ್ಯಾಕ್ಟೀರಿಯಾದಿಂದ ತೆಗೆಯುವ ಜೆಲ್ಲಾನ್ ಗೋಂದು ಲೀಟರಿಗೆ 2 ಗ್ರಾಂ ಆದರೂ ಸಾಕು, ಗಾಜಿನಷ್ಟು ತಿಳಿ. ಆದರೆ ಅದರ ಮೇಲೆ ಕೆಲವು ಬೆಳೆಗಳಲ್ಲಿ ಚಿಗುರು ನೀರುಂಡು ಊದಿಕೊಳ್ಳುತ್ತದೆ, ಹೊರಗೆ ನೆಟ್ಟರೆ ಬದುಕುವುದು ಕಷ್ಟ.

ಭಾರತದಲ್ಲಿ ಬದಲಿಯ ಹುಡುಕಾಟ 2015ರ ಕೊರತೆಗೂ ಮುಂಚೆಯೇ ಅಡುಗೆಮನೆಯತ್ತ ತಿರುಗಿತ್ತು. ನನಗೆ ಹೆಚ್ಚು ಬೆಲೆಯುಳ್ಳದ್ದೆನಿಸುವುದು ಇದೇ ಘಟ್ಟ. 1994ರಲ್ಲಿ ಸೇವಂತಿಗೆಯ ಮೇಲೆ ಸಾಬಕ್ಕಿ, ಇಸಬಗೋಲ್ ಎರಡನ್ನೂ ಪ್ರಯೋಗಿಸಿದ ವರದಿ ಬಂತು. ದೆಹಲಿ ವಿಶ್ವವಿದ್ಯಾಲಯದ ಬಬ್ಬರ್ ಮತ್ತು ಜೈನ್ 1998ರಲ್ಲಿ ಇಸಬಗೋಲ್ ಹೊಟ್ಟಿನ ಮೇಲೆ ನೇರಳೆಯ ಬೀಜ ಮೊಳೆಸಿ, ಚಿಗುರಿಗೆ ಬೇರು ಬರಿಸಿದರು. ತೊಂದರೆ ಇಲ್ಲದಿಲ್ಲ: ಹೊಟ್ಟನ್ನು ತಿರುವುತ್ತಲೇ ಬೇಗ ಬೆರೆಸದಿದ್ದರೆ ಗಂಟು ಕಟ್ಟುತ್ತದೆ. ಸಾಬಕ್ಕಿಯಂಥ ಪಿಷ್ಟದ ಮಾಧ್ಯಮವಾದರೆ ಮಸುಕು, ದಿನ ಕಳೆದಂತೆ ಮೆತ್ತಗಾಗುತ್ತದೆ.

2005ರಲ್ಲಿ ಬಬ್ಬರ್ ತಂಡ ಗೌರ್ ಗೋಂದನ್ನು ಪರೀಕ್ಷಿಸಿತು. ಗೌರ್ ಅಂದರೆ ನಮ್ಮ ಚವಳಿಕಾಯಿಯೇ. ಮಳೆಯಾಶ್ರಿತ ಹೊಲಕ್ಕೆ ಹೊಂದುವ ಈ ಬೆಳೆಯ ಬೀಜದ ಅಂಟು ಅಗರ್‌ನಂತೆ ಗಟ್ಟಿ ಗಡ್ಡೆಯಾಗುವುದಿಲ್ಲ, ದಪ್ಪ ಲೋಳೆಯಾಗಿ ಸಸಿಯನ್ನು ಹಿಡಿದುಕೊಳ್ಳುತ್ತದೆ. ಕಿನ್ನಾಳದ ಗೊಂಬೆ ಕುಶಲಕರ್ಮಿಗಳು ತಲೆಮಾರುಗಳಿಂದ ಬಳಸುವ ಹುಣಸೆ ಬೀಜದ ಅಂಟೂ ಇಲ್ಲಿ ನೆನಪಾಗಬೇಕು. ಬ್ರೆಜಿಲ್‌ನಲ್ಲಿ ಜಟೊಬಾ ಮರದ ಬೀಜದಿಂದ ತೆಗೆದ ಅದೇ ವರ್ಗದ ಅಂಟನ್ನು ಅಗರ್ ಜೊತೆ ಬೆರೆಸಿ ಸೇಬಿನ ಚಿಗುರು ಬೆಳೆಸಿ, ಅಗರ್ ಪ್ರಮಾಣ ತಗ್ಗಿಸಿದ್ದಾರೆ.

ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ 2004ರಲ್ಲಿ ಅಭಿವೃದ್ಧಿಶೀಲ ದೇಶಗಳಿಗಾಗಿ ಕಡಿಮೆ ಖರ್ಚಿನ ಅಂಗಾಂಶ ಕೃಷಿಯ ಕುರಿತ ಪ್ರಕಟಣೆಯನ್ನೇ ಹೊರತಂದಿತು. ಹಾಗಿದ್ದೂ ವಾಣಿಜ್ಯ ಪ್ರಯೋಗಾಲಯಗಳು ಅಗರ್ ಬಿಡಲು ಹಿಂಜರಿಯುವುದಕ್ಕೆ ಕಾರಣವಿದೆ. ಬೀಜದ ಗೋಂದಿನ ಗುಣ ಚೀಲದಿಂದ ಚೀಲಕ್ಕೆ ಬದಲಾಗುತ್ತದೆ. ದಾಳಿಂಬೆಯಲ್ಲಂತೂ ಕತ್ತರಿಸಿದ ತುಂಡು ಕಂದು ರಸ ಬಿಡುವುದರಿಂದ ಮೊದಲ ವಾರಗಳಲ್ಲಿ ಬಾಟಲಿಯ ತಳ ತಿಳಿಯಾಗಿ ಕಾಣಲೇಬೇಕು. ಮಸುಕು ಮಾಧ್ಯಮದಲ್ಲಿ ಸೋಂಕು ತಡವಾಗಿ ಕಣ್ಣಿಗೆ ಬೀಳುತ್ತದೆ. ಆದ್ದರಿಂದ ಆರಂಭದ ಹಂತಕ್ಕೆ ಅಗರ್ ಉಳಿಸಿಕೊಂಡು, ಬೇರು ಬರಿಸುವ ಕೊನೆಯ ಹಂತಕ್ಕೆ ಇಸಬಗೋಲ್ ಅಥವಾ ಚವಳಿಕಾಯಿ ಗೋಂದು ತರುವುದು ಸರಿಯಾದ ದಾರಿ ಎಂದು ನನ್ನ ಎಣಿಕೆ. ಮುನಿರಾಬಾದಿನ ತೋಟಗಾರಿಕೆ ಕಾಲೇಜಿನ ವಿದ್ಯಾರ್ಥಿಗಳಿಗೆ ಇದಕ್ಕಿಂತ ಹತ್ತಿರದ ಸಂಶೋಧನಾ ವಿಷಯ ಯಾವುದಿದೆ? ದಾಳಿಂಬೆ ತೋಟ, ಚವಳಿಕಾಯಿ ಹೊಲ ಎರಡೂ ಇದೇ ಕೊಪ್ಪಳ ಜಿಲ್ಲೆಯಲ್ಲಿವೆ.