ಸುಖನಿದ್ರೆಯೂ ಧ್ಯಾನವೂ: ‘ಯೋಗನಿದ್ರಾ’ ಶಬ್ದದ ಇತಿಹಾಸವಿಚಾರ

ರಾತ್ರಿಯಲ್ಲಿ ನಿದ್ರೆ ಬಾರದವರು ಧ್ಯಾನವನ್ನು ಅಭ್ಯಸಿಸಬೇಕೆಂದೂ, ಇದು ನಮ್ಮ ಪೂರ್ವಿಕರಾದ ಋಷಿಗಳು ಯೋಗಶಾಸ್ತ್ರದಲ್ಲಿ ವಿಧಿಸಿದ ಉಪಾಯವೆಂದೂ, ಅದಕ್ಕೆ ‘ಯೋಗನಿದ್ರೆ’ಯೆಂಬ ಹೆಸರು ಪ್ರಾಚೀನಕಾಲದಿಂದಲೂ ಸಲ್ಲುತ್ತಿರುವುದೆಂದೂ ಈಚೆಗೆ ಎಲ್ಲೆಡೆಯಲ್ಲಿಯೂ ಕೇಳಿಬರುತ್ತಲಿದೆ. ಈ ಮಾತಿನಲ್ಲಿ ಮೂರು ಅಂಶಗಳು ಬೆರೆತಿವೆ. ಧ್ಯಾನದಿಂದ ಸುಖನಿದ್ರೆಯುಂಟಾಗುವುದೆಂಬುದು ಒಂದು. ಈ ಫಲವನ್ನು ಪ್ರಾಚೀನರು ಹೇಳಿರುವರೆಂಬುದು ಎರಡನೆಯದು. ಹೇಳಿದವರು ಯೋಗಶಾಸ್ತ್ರಕಾರರು, ಇಟ್ಟ ಹೆಸರು ಯೋಗನಿದ್ರೆ ಎಂಬುದು ಮೂರನೆಯದು. ಮೊದಲನೆಯದಕ್ಕೆ ಪ್ರಮಾಣವುಂಟು, ಎರಡನೆಯದಕ್ಕೂ ಉಂಟು, ಮೂರನೆಯದಕ್ಕೆ ಮಾತ್ರ ಇಲ್ಲವೆಂಬುದು ಪ್ರಕೃತ ಲೇಖನದ ಪ್ರತಿಜ್ಞೆ. ಇದು ವೈದ್ಯರಿಗೆ ಮಾತ್ರ ಸೇರಿದ ವಿಚಾರವಲ್ಲ. ರಘುವಂಶದ 13ನೆಯ ಸರ್ಗವನ್ನೋ ದೇವೀಮಾಹಾತ್ಮ್ಯದ ಮೊದಲನೆಯ ಅಧ್ಯಾಯವನ್ನೋ ಪಾಠಹೇಳುವ ಉಪಾಧ್ಯಾಯರ ಮುಂದೆ ಈ ಶಬ್ದವು ಬಂದೇ ಬರುವುದು. ಶಬ್ದದ ಅರ್ಥವು ಜಾರಿದರೆ ಕಾವ್ಯದ ಅರ್ಥವೂ ಜಾರುವುದಷ್ಟೆ.

ಮೊದಲು ವೈದ್ಯಶಾಸ್ತ್ರವನ್ನು ನೋಡೋಣ. ಚರಕಸಂಹಿತೆಯು ಸೂತ್ರಸ್ಥಾನದ 11ನೆಯ ಅಧ್ಯಾಯದಲ್ಲಿ ಆಹಾರ, ನಿದ್ರೆ, ಬ್ರಹ್ಮಚರ್ಯ ಎಂಬ ಮೂರನ್ನು ಶರೀರದ ಉಪಸ್ತಂಭಗಳೆಂದು ಎಣಿಸುತ್ತದೆ. 21ನೆಯ ಅಧ್ಯಾಯದಲ್ಲಿ ನಿದ್ರೆಯ ವಿಚಾರವು ವಿಸ್ತಾರವಾಗಿ ಬಂದಿದೆ. ಮನಸ್ಸೂ ಇಂದ್ರಿಯಗಳೂ ಬಳಲಿ ವಿಷಯಗಳಿಂದ ಹಿಂದೆಗೆದಾಗ ಮನುಷ್ಯನು ನಿದ್ರಿಸುತ್ತಾನೆಂದೂ, ಸುಖದುಃಖಗಳು, ಬಲಾಬಲಗಳು, ಜ್ಞಾನಾಜ್ಞಾನಗಳು, ಕಡೆಗೆ ಜೀವಿತಮರಣಗಳು ಕೂಡ ನಿದ್ರೆಯನ್ನು ಅವಲಂಬಿಸಿರುವುವೆಂದೂ ಅಲ್ಲಿ ಹೇಳಿದೆ. ರಾತ್ರಿಯ ಸ್ವಭಾವದಿಂದ ತಾನಾಗಿ ಬರುವ ನಿದ್ರೆಗೆ ‘ಭೂತಧಾತ್ರೀ’, ಎಂದರೆ ಪ್ರಾಣಿಗಳ ಸಾಕುತಾಯಿ, ಎಂಬ ಹೆಸರನ್ನು ಕೊಟ್ಟಿರುವುದು ಮನೋಹರವಾಗಿದೆ. ನಿದ್ರೆ ಕೆಟ್ಟವನಿಗೆ ಅಭ್ಯಂಗ, ಸ್ನಾನ, ಮೊಸರು ಕೂಡಿದ ಶಾಲ್ಯನ್ನ, ಹಾಲು, ಮನಸ್ಸಿಗೊಪ್ಪುವ ಗಂಧ ಮತ್ತು ಶಬ್ದಗಳು, ಮೈಯೊತ್ತುವಿಕೆ, ಹಿತವಾದ ಹಾಸಿಗೆ, ಉಚಿತವಾದ ಕಾಲ ಇವುಗಳೊಡನೆ ‘ಮನಃಸುಖ’ವೂ ಔಷಧವಾಗಿ ವಿಹಿತವಾಗಿದೆ. ಧ್ಯಾನದ ಮಾತು ಈ ಪಟ್ಟಿಯಲ್ಲಿಲ್ಲ. ಅಷ್ಟೇ ಅಲ್ಲ, ಅದರ ಬೆನ್ನಿಗೇ ಅತಿನಿದ್ರೆಯನ್ನು ತಡೆಯುವ ಉಪಾಯಗಳನ್ನು ಎಣಿಸುವಾಗ ಭಯ, ಚಿಂತೆ, ಕ್ರೋಧ, ಉಪವಾಸಾದಿಗಳ ಸಾಲಿನಲ್ಲಿಯೇ ಸತ್ತ್ವದ ಹೆಚ್ಚಳವನ್ನೂ ತಮಸ್ಸಿನ ಜಯವನ್ನೂ ಸೇರಿಸಿರುವುದು ಗಮನಾರ್ಹವಾಗಿದೆ. ಸತ್ತ್ವವೃದ್ಧಿಯೂ ತಮೋಜಯವೂ ಯೋಗಿಯ ಲಕ್ಷಣಗಳೆಂಬುದನ್ನು ವಿದ್ವಾಂಸರಿಗೆ ಬಿಡಿಸಿಹೇಳಬೇಕಾಗಿಲ್ಲ. ಚರಕನ ದೃಷ್ಟಿಯಲ್ಲಿ ಅವು ನಿದ್ರೆಯನ್ನು ಕರೆತರುವವಲ್ಲ, ಹೆಚ್ಚಾದ ನಿದ್ರೆಯನ್ನು ಅಟ್ಟುವಂಥವು.

ಇನ್ನು ಯೋಗಶಾಸ್ತ್ರ. ಪತಂಜಲಿಯು ಚಿತ್ತದ ವೃತ್ತಿಗಳು ಐದೆಂದು ಹೇಳಿ, ನಿದ್ರೆಯನ್ನು ಅವುಗಳಲ್ಲೊಂದಾಗಿ ಗಣಿಸಿದ್ದಾನೆ. ನಿದ್ರೆಯೆಂಬುದು ಬರಿಯ ಶೂನ್ಯವಲ್ಲ, ಅದೂ ಒಂದು ಪ್ರತ್ಯಯವೇ ಎಂಬುದಕ್ಕೆ ವ್ಯಾಸಭಾಷ್ಯವು ಕೊಡುವ ಯುಕ್ತಿಯು ಅನುಭವಸಿದ್ಧವಾಗಿದೆ. ಎಚ್ಚೆತ್ತವನು ಒಂದು ದಿನ ಸುಖವಾಗಿ ಮಲಗಿದ್ದೆನು, ಮನಸ್ಸು ತಿಳಿಯಾಗಿದೆ ಎನ್ನುವನು; ಇನ್ನೊಂದು ದಿನ ದುಃಖವಾಗಿ ಮಲಗಿದ್ದೆನು, ಮನಸ್ಸು ಅಲೆಯುತ್ತಿದೆ ಎನ್ನುವನು; ಮತ್ತೊಂದು ದಿನ ಮೂಢನಂತೆ ಮಲಗಿದ್ದೆನು, ಮೈ ಭಾರವಾಗಿದೆ ಎನ್ನುವನು. ಅನುಭವವಿಲ್ಲದೆ ಈ ಸ್ಮರಣೆಯು ಸಂಭವಿಸದು. ಆದಕಾರಣ ನಿದ್ರೆಯೂ ಇತರ ವೃತ್ತಿಗಳಂತೆ ಸಮಾಧಿಯಲ್ಲಿ ನಿರೋಧಿಸತಕ್ಕದ್ದೇ ಎಂಬುದು ಭಾಷ್ಯಕಾರನ ನಿಗಮನ. ಯಾವುದನ್ನು ನಿರೋಧಿಸಬೇಕೋ ಅದನ್ನೇ ಫಲವೆಂದು ಶಾಸ್ತ್ರವು ಹೇಗೆ ಹೇಳೀತು? ಮೂರನೆಯ ಪಾದದಲ್ಲಿ ಸಂಯಮದ ಸಿದ್ಧಿಗಳನ್ನು ಎಣಿಸುವಾಗ ಆನೆಯ ಬಲವನ್ನೂ ಹಸಿವುನೀರಡಿಕೆಗಳ ನಿವೃತ್ತಿಯನ್ನೂ ಹೇಳಿದ ಸೂತ್ರಕಾರನು ಸುಖನಿದ್ರೆಯೆಂಬ ಸಿದ್ಧಿಯನ್ನು ಎಲ್ಲಿಯೂ ಹೇಳಿಲ್ಲ.

ಇಲ್ಲಿ ಆಕ್ಷೇಪವೊಂದು ಬರಬಹುದು. ಮೊದಲನೆಯ ಪಾದದ 38ನೆಯ ಸೂತ್ರದಲ್ಲಿ ಸ್ವಪ್ನನಿದ್ರೆಗಳ ಜ್ಞಾನವನ್ನು ಆಲಂಬನವಾಗಿ ಹೇಳಿದೆಯಲ್ಲವೆ? ಹೌದು, ಆದರೆ ಅಲ್ಲಿ ನಿದ್ರೆಯ ಅರಿವು ಚಿತ್ತಸ್ಥಿತಿಗೆ ಸಾಧನವೇ ಹೊರತು, ಚಿತ್ತಸ್ಥಿತಿಯು ನಿದ್ರೆಗೆ ಸಾಧನವಲ್ಲ. ಭಗವದ್ಗೀತೆಯ 6ನೆಯ ಅಧ್ಯಾಯದಲ್ಲಿಯೂ ಕ್ರಮವು ಇದೇ. ಅತಿಯಾಗಿ ಮಲಗುವವನಿಗೂ ಅತಿಯಾಗಿ ಎಚ್ಚರವಾಗಿರುವವನಿಗೂ ಯೋಗವು ಸಿದ್ಧಿಸದೆಂದು ಹೇಳಿರುವುದರಿಂದ, ಮಿತವಾದ ನಿದ್ರೆಯು ಯೋಗಕ್ಕೆ ಅಂಗವಾಯಿತು. ಗೌಡಪಾದರಂತೂ ಮಾಂಡೂಕ್ಯಕಾರಿಕೆಯ ಮೂರನೆಯ ಪ್ರಕರಣದಲ್ಲಿ ಸುಷುಪ್ತಿಯಲ್ಲಿ ಲೀನವಾದ ಮನಸ್ಸು ಬೇರೆ, ನಿಗ್ರಹಿಸಲ್ಪಟ್ಟ ಮನಸ್ಸು ಬೇರೆಯೆಂದು ಸ್ಪಷ್ಟವಾಗಿ ವಿಭಾಗಿಸಿ, ಧ್ಯಾನದಲ್ಲಿ ಲಯಕ್ಕೆ ಜಾರಿದ ಚಿತ್ತವನ್ನು ಎಚ್ಚರಿಸಬೇಕೆಂದು ವಿಧಿಸಿದ್ದಾರೆ.

ಹಾಗಾದರೆ ಧ್ಯಾನಕ್ಕೆ ಸುಖನಿದ್ರೆಯು ಫಲವೆಂದು ಹೇಳಿದವರು ಯಾರು? ಬೌದ್ಧರು. ಪಾಲೀಭಾಷೆಯ ಅಂಗುತ್ತರನಿಕಾಯದ ಏಕಾದಶನಿಪಾತದಲ್ಲಿ ಮೈತ್ರೀಭಾವನೆಗೆ ಹನ್ನೊಂದು ಫಲಗಳನ್ನು ಹೇಳಿದೆ. ಅವುಗಳಲ್ಲಿ ಮೊದಲನೆಯದು ಸುಖವಾಗಿ ನಿದ್ರಿಸುವುದು, ಎರಡನೆಯದು ಸುಖವಾಗಿ ಏಳುವುದು, ಮೂರನೆಯದು ಕೆಟ್ಟ ಕನಸನ್ನು ಕಾಣದಿರುವುದು. ಬ್ರಹ್ಮಲೋಕಪ್ರಾಪ್ತಿಯು ಹನ್ನೊಂದನೆಯದು! ಕ್ರಿ. ಶ. 5ನೆಯ ಶತಮಾನದಲ್ಲಿ ಸಿಂಹಳದಲ್ಲಿದ್ದ ಬುದ್ಧಘೋಷನು ವಿಶುದ್ಧಿಮಾರ್ಗದ 9ನೆಯ ಪರಿಚ್ಛೇದದಲ್ಲಿ ಇದನ್ನು ವಿವರಿಸುತ್ತ, ಇತರರು ಹೊರಳಾಡುತ್ತ ಗೊರಕೆಹೊಡೆಯುತ್ತ ಕಷ್ಟದಿಂದ ಮಲಗಿದರೆ, ಮೈತ್ರಿಯನ್ನು ಅಭ್ಯಸಿಸಿದವನು ನಿದ್ರೆಗೆ ಇಳಿದಾಗಲೂ ಸಮಾಪತ್ತಿಯನ್ನು ಹೊಂದಿದವನಂತೆ ಕಾಣುವನೆಂದು ಹೇಳಿದ್ದಾನೆ. ಅಭ್ಯಾಸದ ಕ್ರಮವನ್ನೂ ಅಲ್ಲಿಯೇ ಕೊಟ್ಟಿದೆ: ಮೊದಲು ತನ್ನ ಹಿತವನ್ನು ಕೋರಿ, ಬಳಿಕ ಪೂಜ್ಯರನ್ನೂ ಪ್ರಿಯರನ್ನೂ ನೆನೆದು, ಆಮೇಲೆ ಉದಾಸೀನನ ವಿಷಯದಲ್ಲಿ, ಕಡೆಗೆ ವೈರಿಯ ವಿಷಯದಲ್ಲಿ ಅದೇ ಭಾವವನ್ನು ಹರಡಬೇಕು. ಹಗೆಯನ್ನು ಹಾಸಿಗೆಗೆ ಒಯ್ಯಬಾರದೆಂಬುದೇ ಇದರ ತಾತ್ಪರ್ಯವೆಂದು ನಾವು ಗ್ರಹಿಸಬಹುದು.

ತಿಕನಿಪಾತದ ಕಥೆಯೊಂದು ಈ ಸಂದರ್ಭದಲ್ಲಿ ಸ್ಮರಣೀಯವಾಗಿದೆ. ಹೇಮಂತಕಾಲದಲ್ಲಿ ದನಗಳು ತುಳಿದ ದಾರಿಯಲ್ಲಿ ಎಲೆಗಳನ್ನು ಹಾಸಿಕೊಂಡು ಕುಳಿತಿದ್ದ ಬುದ್ಧನನ್ನು ಆಳವಿಯ ಹತ್ಥಕನು ಕಂಡು, ಸುಖವಾಗಿ ಮಲಗಿದಿರಾ ಎಂದು ಕೇಳಿದನಂತೆ. ಲೋಕದಲ್ಲಿ ಸುಖವಾಗಿ ಮಲಗುವವರಲ್ಲಿ ತಾನೊಬ್ಬನೆಂದು ಬುದ್ಧನು ಉತ್ತರಕೊಟ್ಟು, ಉಪ್ಪರಿಗೆಯಲ್ಲಿ ಮೃದುವಾದ ಮಂಚದ ಮೇಲೆ ಮಲಗಿದ ಗೃಹಪತಿಯು ರಾಗದ್ವೇಷಮೋಹಗಳ ತಾಪದಿಂದ ಬೇಯುತ್ತಿದ್ದರೆ ಅವನಿಗೆ ಸುಖನಿದ್ರೆಯುಂಟೆ ಎಂದು ಮರುಪ್ರಶ್ನೆ ಹಾಕಿದನು. ಆದರೂ ಬೌದ್ಧರು ಧ್ಯಾನವನ್ನು ಮಲಗುವ ಉಪಾಯವೆಂದು ಕರೆಯಲಿಲ್ಲವೆಂಬುದನ್ನು ಮರೆಯಕೂಡದು. ಧ್ಯಾನಕಾಲದ ತೂಕಡಿಕೆಯು ಅವರ ಐದು ನೀವರಣಗಳಲ್ಲೊಂದು. ತೂಗುತ್ತಿದ್ದ ಮೌದ್ಗಲ್ಯಾಯನನಿಗೆ ಅದನ್ನು ಹೋಗಲಾಡಿಸುವ ಉಪಾಯಗಳನ್ನು ಒಂದೊಂದಾಗಿ ಹೇಳಿ, ಯಾವುದೂ ಸಾಗದಿದ್ದರೆ ಏಳುವ ಹೊತ್ತನ್ನು ಮನಸ್ಸಿನಲ್ಲಿಟ್ಟು ಬಲಮಗ್ಗುಲಾಗಿ ಮಲಗೆಂದು ಬುದ್ಧನು ಹೇಳಿದನೆಂದು ಅದೇ ನಿಕಾಯವು ತಿಳಿಸುತ್ತದೆ. ಸುಖನಿದ್ರೆಯು ಹಗಲಿನ ಭಾವನೆಗೆ ರಾತ್ರಿಯಲ್ಲಿ ದೊರೆಯುವ ಆನುಷಂಗಿಕ ಫಲ, ಭಾವನೆಯೇ ನಿದ್ರೆಯಲ್ಲ.

ವೈದಿಕಶಾಸ್ತ್ರಗಳಲ್ಲಿ ಇದಕ್ಕೆ ಸಮೀಪವಾದ ಮಾತೇ ಇಲ್ಲವೆಂದು ಹೇಳಲಾಗದು. ಮೈತ್ರೀ, ಕರುಣಾ, ಮುದಿತಾ, ಉಪೇಕ್ಷಾ ಎಂಬ ನಾಲ್ಕು ಭಾವನೆಗಳನ್ನು ಪತಂಜಲಿಯೂ ಮೊದಲನೆಯ ಪಾದದ 33ನೆಯ ಸೂತ್ರದಲ್ಲಿ ವಿಧಿಸಿ, ಚಿತ್ತಪ್ರಸಾದವನ್ನು ಫಲವಾಗಿ ಹೇಳಿದ್ದಾನೆ. ವಾಗ್ಭಟನು ಅಷ್ಟಾಂಗಹೃದಯದ ಸೂತ್ರಸ್ಥಾನದ 7ನೆಯ ಅಧ್ಯಾಯದಲ್ಲಿ, ವಿಷಯಸುಖಗಳಲ್ಲಿ ಆಸೆಯಿಲ್ಲದೆ ಸಂತೋಷದಿಂದ ತೃಪ್ತನಾದವನಿಗೆ ನಿದ್ರೆಯು ತನ್ನ ಕಾಲವನ್ನು ಮೀರದೆಂದು ಹೇಳುತ್ತಾನೆ. ಚರಕನ ಮನಃಸುಖ, ಪತಂಜಲಿಯ ಚಿತ್ತಪ್ರಸಾದ, ವಾಗ್ಭಟನ ಸಂತೋಷ ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಬೌದ್ಧರು ಕಂಠೋಕ್ತವಾಗಿ ಹೇಳಿದ ಸಂಬಂಧವು ಇಲ್ಲಿ ಅರ್ಥಾತ್ ಸಿದ್ಧಿಸುವುದೆನ್ನಬಹುದು.

ಇನ್ನುಳಿದುದು ಯೋಗನಿದ್ರಾಶಬ್ದ. ದೇವೀಮಾಹಾತ್ಮ್ಯದಲ್ಲಿ ಯೋಗನಿದ್ರೆಯು ವಿಷ್ಣುವಿನ ಕಣ್ಣುಗಳಲ್ಲಿ ನೆಲಸಿದ ಮಹಾಮಾಯೆ. ಮಧುಕೈಟಭರ ವಧೆಗಾಗಿ ಬ್ರಹ್ಮನು ಸ್ತುತಿಸಲು ಅವಳು ಅಗಲಿದ ಮೇಲೆಯೇ ಹರಿಯು ಏಳುವನು. ಕಾಳಿದಾಸನು ಸಮುದ್ರವರ್ಣನೆಯಲ್ಲಿ ಲೋಕಗಳನ್ನು ಉಪಸಂಹರಿಸಿ ಮಲಗುವ ಪುರುಷನಿಗೆ ಯುಗಾಂತೋಚಿತವಾದ ಯೋಗನಿದ್ರೆಯನ್ನು ಹೇಳುತ್ತಾನೆ. ಇದು ಪ್ರಳಯಕಾಲದ ವಿಶ್ರಾಂತಿಯೇ ಹೊರತು ಬಳಲಿದವನ ನಿದ್ರೆಯಲ್ಲ. 15ನೆಯ ಶತಮಾನದ ಸ್ವಾತ್ಮಾರಾಮನ ಹಠಯೋಗಪ್ರದೀಪಿಕೆಯ 4ನೆಯ ಉಪದೇಶದಲ್ಲಿ ಯೋಗನಿದ್ರೆಯೆಂಬುದು ಖೇಚರಿಯಿಂದ ದೊರೆಯುವ, ಕಾಲವು ಮುಟ್ಟಲಾರದ ಸಮಾಧಿಯ ಹೆಸರು. ದೇಹದ ಆಯಾಸವನ್ನು ಕಳೆದು ಚಿತ್ತಕ್ಕೆ ವಿಶ್ರಾಂತಿಕೊಡುವ ಅಭ್ಯಾಸಕ್ಕೆ ಅದೇ ಗ್ರಂಥದ ಮೊದಲನೆಯ ಉಪದೇಶವು ಇಟ್ಟ ಹೆಸರು ಬೇರೆ, ಅದು ಶವಾಸನ.

ಈಗ ಪ್ರಚಾರದಲ್ಲಿರುವ ಅರ್ಥವು 20ನೆಯ ಶತಮಾನದ್ದು. ಷಿಕಾಗೋವಿನ ಜೇಕಬ್‌ಸನ್ ಎಂಬ ವೈದ್ಯನು 1929ರಲ್ಲಿ ಸ್ನಾಯುಗಳನ್ನು ಕ್ರಮವಾಗಿ ಸಡಿಲಿಸುವ ಪದ್ಧತಿಯನ್ನೂ, ಜರ್ಮನಿಯ ಷುಲ್ಟ್ಸ್ 1932ರಲ್ಲಿ ಅಂಗಾಂಗಗಳ ಭಾರವನ್ನೂ ಬಿಸಿಯನ್ನೂ ಭಾವಿಸುವ ಪದ್ಧತಿಯನ್ನೂ ಪ್ರಕಟಿಸಿದರು. ಬಳಿಕ ಮುಂಗೇರಿನ ಸ್ವಾಮಿ ಸತ್ಯಾನಂದ ಸರಸ್ವತಿಗಳು, ಮಲಗಿದಲ್ಲಿಯೇ ದೇಹದ ಅವಯವಗಳಲ್ಲಿ ಗಮನವನ್ನು ಸಂಚರಿಸುವಂತೆ ಮಾಡುವ ಅಭ್ಯಾಸವನ್ನು ಯೋಗನಿದ್ರೆಯೆಂಬ ಹೆಸರಿನಿಂದ ಪ್ರಸಿದ್ಧಿಗೆ ತಂದರು. ತಂತ್ರಶಾಸ್ತ್ರದ ನ್ಯಾಸವು ತಮಗೆ ಮೂಲವೆಂದು ಅವರು ಹೇಳಿದ್ದಾರೆ. ಅವರ ಪದ್ಧತಿಯಲ್ಲಿಯೂ ಅಭ್ಯಾಸಮಾಡುವವನು ಮಲಗಿಬಿಡಬಾರದು, ಎಚ್ಚರವಾಗಿರಬೇಕು ಎಂಬ ನಿಯಮವಿರುವುದನ್ನು ಲಕ್ಷಿಸಬೇಕು.

ಪ್ರತ್ಯಕ್ಷಪ್ರಮಾಣವನ್ನೂ ಉಪೇಕ್ಷಿಸತಕ್ಕದ್ದಲ್ಲ. 2015ರಲ್ಲಿ ಅಮೆರಿಕೆಯಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ನಿದ್ರಾಬಾಧೆಯಿದ್ದ 49 ಮಂದಿ ವಯಸ್ಸಾದವರನ್ನು ಎರಡು ಗುಂಪುಮಾಡಿ, ಒಂದಕ್ಕೆ 6 ವಾರಗಳ ಕಾಲ ಸ್ಮೃತಿಧ್ಯಾನವನ್ನೂ ಇನ್ನೊಂದಕ್ಕೆ ನಿದ್ರಾನಿಯಮಗಳ ಬೋಧನೆಯನ್ನೂ ಕೊಟ್ಟುದರಲ್ಲಿ, ಧ್ಯಾನದ ಗುಂಪಿನವರ ನಿದ್ರೆಯು ಹೆಚ್ಚು ಸುಧಾರಿಸಿತು. ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯ ಸಂಶೋಧಕರು 2006ರಲ್ಲಿ, ವಿಪಶ್ಯನಾದಿ ಅಭ್ಯಾಸಗಳುಳ್ಳ ನಡುವಯಸ್ಸಿನವರಲ್ಲಿ ಗಾಢನಿದ್ರೆಯು ಇತರರಿಗಿಂತ ಹೆಚ್ಚಾಗಿ ಉಳಿದಿರುವುದೆಂದು ತೋರಿಸಿದರು. ಸಂಖ್ಯೆಯು ಸ್ವಲ್ಪವಾದುದರಿಂದ ಇವುಗಳನ್ನು ಸಿದ್ಧಾಂತವೆನ್ನದೆ ಸಾಧಕವೆಂದು ಮಾತ್ರ ಹೇಳುವುದು ಯುಕ್ತ.

ನಿದ್ರೆ ಬಂದರೆ ಸಾಕು, ಯಾರು ಹೇಳಿದರೇನು ಎಂದು ಕೆಲವರು ಕೇಳಬಹುದು. ಉತ್ತರವು ಎರಡು ಬಗೆ. ಬೌದ್ಧರು ಹೇಳಿದುದನ್ನು ಪತಂಜಲಿಗೆ ಆರೋಪಿಸಿದರೆ ಒಬ್ಬರ ಋಣವನ್ನು ಮರೆತಂತೆಯೂ ಇನ್ನೊಬ್ಬನ ಸಿದ್ಧಾಂತವನ್ನು ಕೆಡಿಸಿದಂತೆಯೂ ಆಗುವುದು. ಎರಡನೆಯದು ಇದಕ್ಕಿಂತ ಮುಖ್ಯವಾದುದು. ಧ್ಯಾನವು ನಿದ್ರೆಗೆ ಮದ್ದೆಂದು ನಂಬಿ ಕುಳಿತವನು ನಿದ್ರೆ ಬಂದಿತೆ, ಬಂದಿತೆ ಎಂದು ಕಾಯುವನು. ಆ ಕಾಯುವಿಕೆಯೇ ಚರಕನು ಹೇಳಿದ ಚಿಂತೆಯಾಗಿ ನಿದ್ರೆಯನ್ನು ಓಡಿಸುವುದು. ಬಾರದಿದ್ದರೆ ತನ್ನನ್ನೂ ಶಾಸ್ತ್ರವನ್ನೂ ಹಳಿಯುವನು. ಹಗೆಯನ್ನೂ ಆಸೆಯನ್ನೂ ಕಡಮೆಮಾಡಿಕೊಳ್ಳುವುದು ನಮ್ಮ ಕೆಲಸ, ನಿದ್ರೆಯು ಕರೆಯದೆ ಬರುವ ಸಾಕುತಾಯಿ ಎಂದು ಪ್ರಾಚೀನರ ವಾಕ್ಯಗಳನ್ನು ಯಥಾವತ್ತಾಗಿ ತಿಳಿದವನಿಗೆ ಈ ತೊಡಕಿಲ್ಲ.

ಪಾಲಿಯ ‘ನಿದ್ದಾ’ ಶಬ್ದವೂ ನಮ್ಮ ‘ನಿದ್ದೆ’ಯೂ ಸಂಸ್ಕೃತದ ನಿದ್ರೆಯಿಂದ ಒಂದೇ ಬಗೆಯಲ್ಲಿ ಇಳಿದುಬಂದಿವೆ. ಅರ್ಥವೂ ಹಾಗೆಯೇ ಜನರ ಬಾಯಲ್ಲಿ ಉಳಿದುಬಂದಿರುವುದು. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಕನ್ನಡದ ಗಾದೆಯನ್ನು ಹತ್ಥಕನ ಕಥೆಯ ಪಕ್ಕದಲ್ಲಿಟ್ಟರೆ, ಶಾಸ್ತ್ರಕಾರರ ವಾಕ್ಯಗಳಲ್ಲಿ ನಾವು ಹುಡುಕಿದ ಸಾರವು ಅದರಲ್ಲಿಯೂ ದೊರೆಯುವುದೆಂದು ಸಹೃದಯರಿಗೆ ತೋರದಿರದು.